ಎಮ್ಮೆಯ ಎಡಗೊಂಬಿನ ಗಂಟುಗಳು

ಕತೆಗಳಲ್ಲಿ ಬರುವ ಕೆರೆಗಳಲ್ಲಿ ಸಾಮಾನ್ಯವಾಗಿ ತಾವರೆ ಇರುತ್ತದೆ. ಈ ಕೆರೆಯಲ್ಲಿ ಇರಲಿಲ್ಲ. ಇಲ್ಲಿದ್ದದ್ದು ದಡದುದ್ದಕ್ಕೂ ಎತ್ತರದ ಹುಲ್ಲು, ನಡುವೆ ಕೆಸರು ನೀರು, ಆ ನೀರಿನ ಮೇಲೆ ಬಾಗಿ ನಿಂತ ಒಂದು ಹಳೆಯ ಜಾಲಿ ಮರ. ಮಕ್ಕಳೇ, ಮರವನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಿ. ಇದು ಒಂದು ಹಕ್ಕಿ ಇನ್ನೊಂದು ಹಕ್ಕಿಯನ್ನು ಮೆಚ್ಚಿದ ಕತೆ. ಕಿಸಿಕಿಸಿ ನಗುವವರು ಈಗಲೇ ನಕ್ಕು ಮುಗಿಸಿ. ಆಯಿತೇ? ಸರಿ.

ಮೊದಲ ಮಳೆ ಬಿದ್ದ ವಾರದಲ್ಲೇ ಗೀಜಗನ ಹಕ್ಕಿಗಳು ಆ ಮರಕ್ಕೆ ಬರುತ್ತಿದ್ದವು. ಗೀಜಗಗಳಲ್ಲಿ ಶಿಸ್ತು ಹೆಚ್ಚು. ಗಂಡು ಗೂಡನ್ನು ಅರ್ಧ ಮಾತ್ರ ನೇಯಬೇಕು. ಕವುಚಿದ ಬುಟ್ಟಿಯಂಥ ಚಾವಣಿ, ಅದರ ಬಾಯಿಗೆ ಅಡ್ಡಲಾಗಿ ಕೂರಲು ಒಂದು ಪಟ್ಟಿ, ಒಳಗೋಡೆಗೆ ಹಸಿಮಣ್ಣಿನ ನಾಲ್ಕಾರು ಉಂಡೆ. ಮಣ್ಣು ಅಂದಕ್ಕಲ್ಲ, ಭಾರಕ್ಕೆ. ಅದಿಲ್ಲದಿದ್ದರೆ ಗಾಳಿಗೆ ಗೂಡು ಬುಗುರಿಯಂತೆ ತಿರುಗುತ್ತದೆ. ಇಷ್ಟಾದ ಮೇಲೆ ರೆಕ್ಕೆ ಮಡಿಸಿಕೊಂಡು ಕಾಯಬೇಕು.

ಹೆಣ್ಣು ಹಕ್ಕಿಗಳು ಬಂದು ಗೂಡು ನೋಡುತ್ತವೆ. ಒಬ್ಬಳಿಗೆ ಒಪ್ಪಿಗೆಯಾದರೆ ಅವಳೇ ಮೆತ್ತನೆಯ ಹುಲ್ಲು ತಂದು ಒಳಗೆ ಹಾಸುತ್ತಾಳೆ. ಹಾಸಿದರೆ ಒಪ್ಪಿಗೆ, ಹಾಸದಿದ್ದರೆ ಇಲ್ಲ. ಒಪ್ಪಿಗೆ ಸಿಕ್ಕ ಮೇಲಷ್ಟೇ ಗಂಡು ಮೊಟ್ಟೆಯ ಕೋಣೆಯನ್ನೂ ಕೆಳಗೆ ಇಳಿಬೀಳುವ ಉದ್ದನೆಯ ಕೊಳವೆಬಾಗಿಲನ್ನೂ ನೇಯ್ದು ಮುಗಿಸುತ್ತದೆ. ಯಾರೂ ಒಪ್ಪದಿದ್ದರೆ ಆ ಗೂಡಿನ ಗಂಟು ಬಿಚ್ಚಿ ಕೆಳಗೆ ಕೆಡವಿ, ಹೊಸ ಹುಲ್ಲಿನಿಂದ ಮತ್ತೆ ಶುರು ಮಾಡಬೇಕು. ಇದೆಲ್ಲ ಮಳೆಗಾಲ ಮುಗಿಯುವುದರೊಳಗೆ ಆಗಬೇಕು. ತಪ್ಪಿದರೆ ಆ ವರ್ಷ ಮರಿಯಿಲ್ಲ, ಮನೆಯಿಲ್ಲ.

ಆ ಮರದಲ್ಲಿ ಪೀತಾಂಬರನ ನೇಯ್ಗೆಗೆ ಸಾಟಿ ಇರಲಿಲ್ಲ. ಅವನ ತಲೆ ಅರಿಸಿನದ ಬಣ್ಣ, ಕೊಕ್ಕು ಸೂಜಿಯಷ್ಟು ಚುರುಕು. ಅವನ ಗೂಡಿನಲ್ಲಿ ಒಂದು ಎಳೆ ಸಡಿಲ ಕಾಣುತ್ತಿರಲಿಲ್ಲ. ಪಕ್ಕದ ಕೊಂಬೆಯ ತಿಪ್ಪಣ್ಣನ ಗೂಡು ಅಷ್ಟು ನಾಜೂಕಲ್ಲ. ಆದರೆ ತಿಪ್ಪಣ್ಣ ಊಟ ಬಿಡುವವನಲ್ಲ, ನಗು ಬಿಡುವವನೂ ಅಲ್ಲ. ಇಬ್ಬರೂ ಸ್ನೇಹಿತರು.

ಗೂಡು ನೋಡುವ ದಿನ ಬೆಳಿಗ್ಗೆ ಎಂಟು ಹೆಣ್ಣು ಹಕ್ಕಿಗಳು ಬಂದವು. ಅವರಲ್ಲಿ ಒಬ್ಬಳು ನವಣೆ. ನವಣೆ ಪೀತಾಂಬರನ ಗೂಡಿನ ಪಟ್ಟಿಯ ಮೇಲೆ ಕೂತಳು. ಎರಡು ಎಳೆ ಜಗ್ಗಿ ನೋಡಿದಳು. ತಲೆ ಓರೆ ಮಾಡಿದಳು. "ನೇಯ್ಗೆ ಚೆನ್ನಾಗಿದೆ," ಎಂದಳು. ಕಾಲಿಗೆ ಅಂಟಿದ ಮಣ್ಣು ಕೊಡವಿದಳು. ಮುಂದಿನ ಗೂಡಿಗೆ ಹೋದಳು.

ನಡೆದದ್ದು ಇಷ್ಟೇ. ಹೆಚ್ಚಿಲ್ಲ, ಕಡಿಮೆಯಿಲ್ಲ. ಮುಂದೆ ಬೇಕಾಗುತ್ತದೆ, ನೆನಪಿಡಿ.

ಅವಳು ಆಚೆ ಹೋದದ್ದೇ ತಡ, ಪೀತಾಂಬರ ತಿಪ್ಪಣ್ಣನ ಕೊಂಬೆಗೆ ಹಾರಿದ.

"ನೋಡಿದೆಯಾ ತಿಪ್ಪಣ್ಣಾ?"

"ಏನನ್ನು?"

"ಅವಳು ನನ್ನನ್ನು ನೋಡಿದ ರೀತಿಯನ್ನು!"

"ಅವಳು ನೋಡಿದ್ದು ಚಾವಣಿಯನ್ನು ಮಾರಾಯ. ನನ್ನ ಗೂಡಿನದನ್ನೂ ನೋಡಿದಳು. ಪಟ್ಟಿಯ ಮೇಲೆ ಕೂತವರು ಕತ್ತು ಓರೆ ಮಾಡದೆ ಚಾವಣಿ ನೋಡುವುದು ಹೇಗೆ?"

"ನಿನ್ನ ಗೂಡಿನಲ್ಲಿ ಎಷ್ಟು ಓರೆ ಮಾಡಿದಳು?"

"ನಾನು ಅಳೆಯಲಿಲ್ಲ."

"ನನ್ನಲ್ಲಿ ಹೆಚ್ಚು ಮಾಡಿದಳು," ಎಂದ ಪೀತಾಂಬರ. ಅಂದಿನಿಂದ ಅವನ ಬುದ್ಧಿ ಆ ಓರೆಯಲ್ಲೇ ನಿಂತುಬಿಟ್ಟಿತು.

ಬೆಳಿಗ್ಗೆ ಎದ್ದರೆ ನವಣೆ. ಮಿಡತೆ ಹಿಡಿಯಲು ಹೋದರೆ ನವಣೆ; ಮಿಡತೆ ಹಾರಿ ಹೋಗುತ್ತಿತ್ತು. ನೀರಿಗೆ ಬಗ್ಗಿದರೆ ನೀರಿನಲ್ಲೂ ನವಣೆ. ಅವಳು ಹೇಳಿದ ಎರಡು ಪದಗಳನ್ನು ಅವನು ಮೊದಲಿನಿಂದ ಹೇಳಿಕೊಂಡ, ಮೆಲ್ಲಗೆ ಹೇಳಿಕೊಂಡ, ಹಾಡಿನಂತೆ ಹೇಳಿಕೊಂಡ. "ನೇಯ್ಗೆ ಚೆನ್ನಾಗಿದೆ" ಎಂದರೆ "ನೇಯ್ದವನು ಚೆನ್ನಾಗಿದ್ದಾನೆ" ಎಂದೇ ತಾನೇ? ಮರುದಿನ ಅದು "ನೇಯ್ದವನು ನನ್ನವನು" ಎಂದಾಯಿತು. ಸುಳ್ಳು ಹೇಳಬಾರದು, ಹಾಗೆ ಯೋಚಿಸುತ್ತಿದ್ದಾಗ ಅವನಿಗೆ ಬಹಳ ಸುಖವಾಗಿಯೂ ಇತ್ತು. ಅದೇ ತೊಂದರೆ.

ಮೂರನೆಯ ದಿನ ತಿಪ್ಪಣ್ಣ ನೋಡುತ್ತಾನೆ, ಪೀತಾಂಬರ ತನ್ನ ಗೂಡಿನ ಒಳಗಿನಿಂದ ಮಣ್ಣಿನ ಉಂಡೆಗಳನ್ನು ಕುಕ್ಕಿ ಕುಕ್ಕಿ ಕೆಳಗೆ ಎಸೆಯುತ್ತಿದ್ದಾನೆ.

"ಏಯ್! ಏನು ಮಾಡುತ್ತಿದ್ದೀಯ?"

"ಅವಳಿಗೆ ಮಣ್ಣು ಆಗುವುದಿಲ್ಲ. ಕಾಲು ಕೊಡವಿದಳಲ್ಲ, ನೀನೇ ನೋಡಿದೆ. ಇನ್ನು ಈ ಮನೆಯಲ್ಲಿ ಒಂದು ಚೂರು ಮಣ್ಣೂ ಇರುವುದಿಲ್ಲ."

"ಕಾಲಿಗೆ ಅಂಟಿದರೆ ಯಾರಾದರೂ ಕೊಡವುತ್ತಾರೆ. ನಾನೂ ಕೊಡವುತ್ತೇನೆ. ಗಾಳಿ ಬಂದರೆ ಏನು ಮಾಡುತ್ತೀಯ?"

"ಅವಳು ಒಳಗಿದ್ದರೆ ಗಾಳಿಯ ಯೋಚನೆ ಯಾರಿಗೆ?"

ತಿಪ್ಪಣ್ಣ ಮಾತು ಮುಗಿಸಿ ಊಟಕ್ಕೆ ಹೋದ.

ಐದನೆಯ ದಿನ ಇನ್ನೂ ವಿಚಿತ್ರ. ಯಾರ ಒಪ್ಪಿಗೆಯೂ ಇಲ್ಲದೆ ಪೀತಾಂಬರ ಕೊಳವೆಬಾಗಿಲು ನೇಯಲು ಶುರು ಮಾಡಿದ. ಆ ಮರದ ಇತಿಹಾಸದಲ್ಲೇ ಯಾರೂ ಹಾಗೆ ಮಾಡಿದ್ದಿಲ್ಲ. ಸಾಮಾನ್ಯ ಕೊಳವೆ ಒಂದು ಗೇಣು. ಅವನದು ಎರಡು ಗೇಣಾಯಿತು, ಮೂರಾಯಿತು. ಅಷ್ಟರಲ್ಲಿ ಸಾಮೆ ಎಂಬ ಹೆಣ್ಣು ಹಕ್ಕಿ ಗೂಡು ನೋಡಲು ಬಂದಳು. ಸಾಮೆ ನೋಡಲು ಸಾಧಾರಣ, ನಾಲಿಗೆ ಮಾತ್ರ ಸಾಧಾರಣವಲ್ಲ.

"ಒಳಗೆ ಬರಬಹುದೇ?"

"ಇಲ್ಲ. ಇದು ಒಬ್ಬರಿಗೆ ಮೀಸಲು."

"ಹೌದೇ? ಅವರು ಹುಲ್ಲು ಹಾಸಿದ್ದಾರೆಯೇ?"

"ಇನ್ನೂ ಇಲ್ಲ."

"ಬರುತ್ತೇನೆ ಎಂದಿದ್ದಾರೆಯೇ?"

"ಬಾಯಿ ಬಿಟ್ಟು ಹೇಳಿಲ್ಲ. ಕೆಲವು ವಿಷಯಗಳನ್ನು ಹೇಳಬೇಕಾಗಿಲ್ಲ."

ಸಾಮೆ ಕೊಳವೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಬಾಗಿಲು ಇಷ್ಟುದ್ದ, ಒಳಗೆ ಯಾರೂ ಇಲ್ಲ. ಹೀಗೇ ಮುಂದುವರಿದರೆ ಅವರು ನೀರಿನೊಳಗಿಂದ ಬರಬೇಕಾಗುತ್ತದೆ," ಎಂದು ಹೇಳಿ ಹೊರಟುಹೋದಳು. ಅವಳ ಹಿಂದೆ ಬಂದ ಇನ್ನಿಬ್ಬರನ್ನೂ ಪೀತಾಂಬರ ರೆಕ್ಕೆ ಬೀಸಿ ಓಡಿಸಿದ.

ನವಣೆ ಬರಲಿಲ್ಲ. ಅವಳು ಬಾರದಿದ್ದರೆ ತಾನೇ ಹೋಗಬೇಕಲ್ಲ? ಹೋದ. ಅವಳು ಹೊಲದಲ್ಲಿ ತೆನೆ ಬಿಡಿಸುತ್ತಿದ್ದರೆ ಇವನು ಪಕ್ಕದ ದಂಟಿನ ಮೇಲೆ. ಅವಳು ಸ್ನಾನಕ್ಕೆ ಇಳಿದರೆ ಇವನು ಎದುರಿನ ಕಲ್ಲಿನ ಮೇಲೆ. ಗೆಳತಿಯರು ಅವಳನ್ನು ತಿವಿದರು: "ನಿನ್ನ ಬಾಲ ಬಂತು ನೋಡೇ!" ಮೊದಲ ದಿನ ನವಣೆಯೂ ನಕ್ಕಳು. ನಾಲ್ಕನೆಯ ದಿನ ನಗಲಿಲ್ಲ. ಐದನೆಯ ದಿನ ಒಳ್ಳೆಯ ಹೊಲ ಬಿಟ್ಟು ಗೆಳತಿಯರೊಂದಿಗೆ ದೂರದ ಜೊಳ್ಳು ಹೊಲಕ್ಕೆ ಹೋದಳು. ಅಲ್ಲಿಗೂ ಅವನು ಬಂದಾಗ ಎದುರು ಬಂದು ನಿಂತಳು.

"ಪೀತಾಂಬರ ಅವರೇ, ನಿಮ್ಮ ನೇಯ್ಗೆ ಚೆನ್ನಾಗಿದೆ ಎಂದೆ. ಗೂಡು ಬೇಕು ಎನ್ನಲಿಲ್ಲ. ನನಗೆ ಬೇಡ. ದಯವಿಟ್ಟು ಹಿಂದೆ ಬರಬೇಡಿ."

ಇದಕ್ಕಿಂತ ಸ್ಪಷ್ಟವಾಗಿ ಯಾರು ತಾನೇ ಹೇಳಲು ಸಾಧ್ಯ? ಪೀತಾಂಬರ ಮಾತ್ರ ಕುಣಿದುಕೊಂಡು ತಿಪ್ಪಣ್ಣನ ಹತ್ತಿರ ಬಂದ.

"'ಪೀತಾಂಬರ ಅವರೇ' ಎಂದಳು ಕಣೋ! ಎಷ್ಟು ಗೌರವ! ದಯವಿಟ್ಟು ಎಂದಳು!"

"ದಯವಿಟ್ಟು ಏನು?"

"ದಯವಿಟ್ಟು... ಹಿಂದೆ ಬರಬೇಡಿ ಎಂದು."

"ಸರಿ ಮತ್ತೆ. ಹೋಗಬೇಡ."

"ಗೆಳತಿಯರ ಎದುರು ಇನ್ನೇನು ಹೇಳುತ್ತಾಳೆ? ಆ ಧ್ವನಿ ಕೇಳಬೇಕಿತ್ತು ನೀನು. ನಡುಗುತ್ತಿತ್ತು."

"ಸಿಟ್ಟಿಗೂ ನಡುಗುತ್ತದೆ ತಮ್ಮಾ," ಎಂದ ತಿಪ್ಪಣ್ಣ.

ಎರಡು ದಿನ ಕಳೆಯಿತು. ನವಣೆ ಮೆತ್ತನೆಯ ಹುಲ್ಲು ಕೊಕ್ಕಿನಲ್ಲಿ ಹಿಡಿದು ಮರಕ್ಕೆ ಬಂದಳು. ಪೀತಾಂಬರ ಎದೆ ಉಬ್ಬಿಸಿ ನಿಂತ. ಅವಳು ಅವನ ಕೊಂಬೆಯನ್ನು ದಾಟಿ ಹೋಗಿ ತಿಪ್ಪಣ್ಣನ ಗೂಡಿನಲ್ಲಿ ಹುಲ್ಲು ಹಾಸಿದಳು.

ತಿಪ್ಪಣ್ಣ ಮುಖ ಎತ್ತಲಾರದೆ ಹೇಳಿದ, "ನಾನೇನೂ ಮಾಡಲಿಲ್ಲ ಮಾರಾಯ. ಅವಳೇ ಬಂದಳು. 'ಗೂಡು ಸ್ವಲ್ಪ ಒರಟು, ಆದರೆ ನಿಮ್ಮ ಗೂಡಿನಲ್ಲಿ ಉಸಿರಾಡಬಹುದು' ಎಂದಳು."

"ನನಗೆ ಗೊತ್ತು," ಎಂದ ಪೀತಾಂಬರ ಶಾಂತವಾಗಿ. "ಇದು ಪರೀಕ್ಷೆ."

"ಯಾರಿಗೆ ಪರೀಕ್ಷೆ?"

"ನನಗೆ. ನಾನು ಎಷ್ಟು ದಿನ ಕಾಯುತ್ತೇನೆ ಎಂದು ನೋಡುತ್ತಿದ್ದಾಳೆ."

ತಿಪ್ಪಣ್ಣ ನಗಲಿಲ್ಲ. ಮೊದಲ ಸಲ ಅವನಿಗೆ ಸ್ನೇಹಿತನ ಬಗ್ಗೆ ಭಯವಾಯಿತು.

ನವಣೆ ಎರಡು ಮೊಟ್ಟೆಯಿಟ್ಟಳು. ತಿಪ್ಪಣ್ಣ ಕೊಳವೆ ನೇಯ್ದು ಮುಗಿಸಿದ. ಪೀತಾಂಬರ ತನ್ನ ಗೂಡು ಬಿಚ್ಚಲಿಲ್ಲ, ಹೊಸದನ್ನು ಶುರು ಮಾಡಲಿಲ್ಲ. ಒಂದು ಹಾಡು ಕಟ್ಟಿದ. ಬೆಳಗಿನಿಂದ ಸಂಜೆಯವರೆಗೆ ಅವಳ ಗೂಡಿನ ಎದುರಿನ ಮುಳ್ಳಿನ ಮೇಲೆ ಕೂತು ಅದನ್ನೇ ಹಾಡಿದ.

"ಮೂರನೇ ಕೊಂಬೆಯ ತುದಿಯ ಮನೆಯಲ್ಲಿ
ಎರಡು ಬಿಳಿಯ ಮೊಟ್ಟೆಗಳ ಬದಿಯಲ್ಲಿ
ಕೂತಿರುವ ನವಣೆ, ಕೇಳುತ್ತಿರುವೆಯಾ?"

ಹಾಡು ಚೆನ್ನಾಗಿಯೇ ಇತ್ತು. ಅದರಲ್ಲಿ ವಿಳಾಸ ಪೂರ್ತಿ ಇತ್ತು, ಅದೇ ದೋಷ.

ನವಣೆ ಕೇಳುತ್ತಿದ್ದಳೋ ಇಲ್ಲವೋ, ಕೆರೆಯಾಚೆಯ ಒಂದು ಕಾಗೆ ಕೇಳಿತು. ಇಪ್ಪತ್ತು ಗೂಡುಗಳಲ್ಲಿ ಯಾವುದರಲ್ಲಿ ಮೊಟ್ಟೆ ಇದೆ ಎಂದು ಹುಡುಕುವುದು ಕಾಗೆಗೂ ಬೇಸರದ ಕೆಲಸ. ಅದು ನೇರವಾಗಿ ಮೂರನೇ ಕೊಂಬೆಗೆ ಬಂತು, ತುದಿಯ ಗೂಡಿನ ಮೇಲೆರಗಿತು. ಕೊಳವೆಗೆ ಜೋತುಬಿದ್ದು ಅರ್ಧ ಕಿತ್ತು ಹಾಕಿತು. ಒಳಗೆ ನವಣೆ ಮೊಟ್ಟೆಗಳ ಮೇಲೆ ರೆಕ್ಕೆ ಹರಡಿ, ಕೊಕ್ಕು ಮುಂದೆ ಮಾಡಿ ಕಿರುಚಿದಳು. ತಿಪ್ಪಣ್ಣ ಕಲ್ಲಿನಂತೆ ಬಂದು ಕಾಗೆಯ ಬೆನ್ನಿಗೆ ಬಿದ್ದ. ಮರದ ಗೀಜಗಗಳೆಲ್ಲ ಒಟ್ಟಾಗಿ ಮುತ್ತಿಕೊಂಡವು. ಪೀತಾಂಬರನೂ ಹಾರಿದ, ಆದರೆ ಹಾಡಿ ಹಾಡಿ ಅವನ ಗಂಟಲಿನಿಂದ ಕೂಗೇ ಹೊರಡಲಿಲ್ಲ. ಊಟ ಬಿಟ್ಟು ರೆಕ್ಕೆಯಲ್ಲೂ ಬಲವಿರಲಿಲ್ಲ.

ಕೊನೆಗೆ ಕಾಗೆ ಕೊಂಬೆ ಬಿಟ್ಟಿತು. ಹೋಗುವಾಗ ಪೀತಾಂಬರನ ಕಡೆ ತಿರುಗಿ, "ಹಾಡು ನಿಲ್ಲಿಸಬೇಡಪ್ಪ. ಮರಿಯಾದ ಮೇಲೆ ಒಂದು ಚರಣ ಸೇರಿಸು," ಎಂದಿತು.

ಮೊಟ್ಟೆಗಳು ಉಳಿದವು. ತಿಪ್ಪಣ್ಣನ ಬಾಲದಲ್ಲಿ ಎರಡು ಗರಿ ಉಳಿಯಲಿಲ್ಲ. ನವಣೆ ಹರಿದ ಕೊಳವೆಯಿಂದ ತಲೆ ಹೊರಗೆ ಹಾಕಿದಳು.

"ಪೀತಾಂಬರ ಅವರೇ, ನಿಮಗೆ ನಾನೆಂದರೆ ಬಹಳ ಇಷ್ಟವಂತೆ. ಊರೆಲ್ಲ ಹೇಳುತ್ತದೆ. ನನಗೆ ಯಾವ ಕಾಳು ಇಷ್ಟ, ಹೇಳಿ ನೋಡೋಣ."

ಪೀತಾಂಬರನಿಗೆ ಗೊತ್ತಿರಲಿಲ್ಲ.

"ನನ್ನ ತಂಗಿಯರು ಎಷ್ಟು ಜನ?"

ಅದೂ ಗೊತ್ತಿರಲಿಲ್ಲ.

"ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಯಾವುದನ್ನು ಕಂಡರೆ? ಕಾಗೆಯನ್ನು. ನೀವು ಮೆಚ್ಚಿದ ನವಣೆ ಬೇರೆ ಯಾರೋ. ಅವಳು ನಿಮ್ಮ ತಲೆಯೊಳಗೆ ಇದ್ದಾಳೆ. ಹಾಡುವುದಾದರೆ ಅವಳಿಗೆ ಹಾಡಿ, ಅಲ್ಲೇ ಹಾಡಿ, ಬಾಯಿ ಮುಚ್ಚಿಕೊಂಡು ಹಾಡಿ."

ಅವಳು ಒಳಗೆ ಹೋದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಪೀತಾಂಬರನಿಗೆ ಸುಲಭವಾಗುತ್ತಿತ್ತು.

ಮರದ ಕೆಳಗೆ, ಕೆಸರಿನಲ್ಲಿ ಕತ್ತಿನವರೆಗೆ ಮುಳುಗಿ, ಭಾಗೀರಥಮ್ಮ ಎಂಬ ಎಮ್ಮೆ ಕೂತಿದ್ದಳು. ದಿನವೂ ಬರುತ್ತಿದ್ದಳು, ದಿನವೂ ಅಲ್ಲೇ ಕೂರುತ್ತಿದ್ದಳು. ಎದ್ದು ಹೋಗಲು ಸೋಮಾರಿತನವಾದ್ದರಿಂದ ಮರದ ಮಾತೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಪೀತಾಂಬರ ಇಳಿದು ಅವಳ ಎರಡು ಕೊಂಬುಗಳ ನಡುವೆ ಕೂತು ಬಿಕ್ಕಿದ.

"ಅಳುವುದಾದರೆ ಅಳು ಮಗನೇ. ಆದರೆ ಕಿವಿಯೊಳಗೆ ಅಳಬೇಡ, ಕಚಗುಳಿಯಾಗುತ್ತದೆ," ಎಂದಳು ಭಾಗೀರಥಮ್ಮ.

"ಭಾಗೀರಥಮ್ಮನವರೇ, ನನ್ನ ಪ್ರೀತಿ ಸುಳ್ಳೇ?"

"ನನಗೇನು ಗೊತ್ತಪ್ಪ! ನಾನು ಎಮ್ಮೆ. ನೀನು ಗೀಜಗ, ಗಂಟು ಹಾಕುವುದು ನಿನ್ನ ಕಸುಬು. ಗಂಟು ಹಾಕಿಯೇ ನೋಡು. ಹಸಿ ಹುಲ್ಲಿನ ಎಳೆ ತಾ. ಅವಳು ನಿಜವಾಗಿ ಮಾಡಿದ್ದು, ನಿಜವಾಗಿ ಆಡಿದ್ದು, ಒಂದೊಂದಕ್ಕೂ ನನ್ನ ಬಲಗೊಂಬಿಗೆ ಒಂದು ಗಂಟು. ನೀನು ಅಂದುಕೊಂಡದ್ದು, ಒಂದೊಂದಕ್ಕೂ ಎಡಗೊಂಬಿಗೆ ಒಂದು ಗಂಟು."

ಪೀತಾಂಬರನಿಗೆ ಕೆಲಸ ಸಿಕ್ಕಿತು. ಅವನು ಎಳೆ ತಂದ.

"ನನ್ನ ಗೂಡಿನಲ್ಲಿ ಕೂತಳು." ಬಲಕ್ಕೆ ಒಂದು ಗಂಟು.

"ಎಳೆ ಜಗ್ಗಿದಳು." ಬಲಕ್ಕೆ.

"ತಲೆ ಓರೆ ಮಾಡಿದಳು." ಬಲಕ್ಕೆ. "ನನ್ನ ಕಣ್ಣನ್ನೇ ನೋಡಲು."

"ನಿನ್ನ ಕಣ್ಣು ಎಲ್ಲಿತ್ತು?"

"ನಾನು... ಚಾವಣಿಯ ಹೊರಗೆ, ಮೇಲೆ ಕೂತಿದ್ದೆ."

"ಚಾವಣಿಯನ್ನು ತೂರಿ ನೋಡಿದಳೋ? ಎಡಕ್ಕೆ."

"ನೇಯ್ಗೆ ಚೆನ್ನಾಗಿದೆ ಎಂದಳು. ಕಾಲು ಕೊಡವಿದಳು." ಬಲಕ್ಕೆ ಎರಡು. "ಮಣ್ಣು ಆಗುವುದಿಲ್ಲ ಎಂದು." ಎಡಕ್ಕೆ. "ನಾನು ನೆನೆಸಿಕೊಂಡ ಹೊತ್ತಿಗೇ ಸರಿಯಾಗಿ ಒಂದು ದಿನ ಕೆಮ್ಮಿದಳು." ಎಡಕ್ಕೆ. "ಅವಳು ನೀರು ಕುಡಿಯುವ ಜಾಗ ನಾನು ಕುಡಿಯುವ ಜಾಗದ ಪಕ್ಕದಲ್ಲೇ ಇದೆ." ಎಡಕ್ಕೆ. "ಗೆಳತಿಯರ ಎದುರು ನಾಚಿಕೊಂಡಳು." ಎಡಕ್ಕೆ. "ತಿಪ್ಪಣ್ಣನ ಗೂಡು ಸೇರಿದ್ದು ನನ್ನ ಪರೀಕ್ಷೆಗೆ." ಎಡಕ್ಕೆ...

ಎಳೆ ಮುಗಿಯಿತು. ಇನ್ನೊಂದು ತಂದ. ಅದೂ ಮುಗಿಯಿತು. ಸೂರ್ಯ ನೆತ್ತಿಯಿಂದ ಇಳಿಯುವಷ್ಟರಲ್ಲಿ ಎಡಗೊಂಬು ರುಮಾಲು ಸುತ್ತಿದಂತೆ ಊದಿಕೊಂಡಿತ್ತು. ಭಾರಕ್ಕೆ ಎಮ್ಮೆಯ ತಲೆ ಒಂದು ಕಡೆಗೆ ವಾಲಿತು. ಮರದ ಮೇಲಿನವರೆಲ್ಲ ಕೆಲಸ ಬಿಟ್ಟು ಬಗ್ಗಿ ನೋಡುತ್ತಿದ್ದರು.

"ಬಲಕ್ಕೆ ಎಷ್ಟು?" ಎಂದಳು ಭಾಗೀರಥಮ್ಮ.

"ಐದು."

"ತಪ್ಪು. ಮೂರು ಬಿಟ್ಟಿದ್ದೀಯ. ನೋಡಿ ಹೊರಟು ಹೋದಳಲ್ಲ, ಅದಕ್ಕೆ ಗಂಟೆಲ್ಲಿ? ಬೇಡ ಎಂದಳಲ್ಲ, ಅದಕ್ಕೆ? ಬೇರೆ ಗೂಡಿನಲ್ಲಿ ಹುಲ್ಲು ಹಾಸಿದಳಲ್ಲ, ಅದಕ್ಕೆ? ಸಿಹಿಯಾದದ್ದಕ್ಕೆ ಮಾತ್ರ ಗಂಟು ಹಾಕಿ ಉಳಿದದ್ದನ್ನು ಬಿಟ್ಟರೆ ಅದನ್ನು ನೇಯ್ಗೆ ಎನ್ನುತ್ತಾರೆಯೇ? ನೀನೇ ಹೇಳು, ಕಸುಬು ನಿನ್ನದು."

ಪೀತಾಂಬರ ಮೂರು ಗಂಟು ಹಾಕಿದ. ಮೊದಲ ಎರಡನ್ನು ಬಿಚ್ಚಿ ಮತ್ತೆ ಹಾಕಬೇಕಾಯಿತು. ಮೂರನೆಯದು ನೆಟ್ಟಗೆ ಬಿತ್ತು. ಎಂಟು ಗಂಟು. ಅವನು ಎಮ್ಮೆಯ ಹಣೆಯ ಮೇಲೆ ನಿಂತು ಬಲಕ್ಕೆ ನೋಡಿದ, ಎಡಕ್ಕೆ ನೋಡಿದ.

"ಎಡಗಡೆಯದೆಲ್ಲ ನಾನೇ ನೇಯ್ದದ್ದು," ಎಂದ ಮೆಲ್ಲಗೆ.

"ನೇಯ್ಗೆ ಚೆನ್ನಾಗಿದೆ," ಎಂದಳು ಭಾಗೀರಥಮ್ಮ. "ವಾಸಕ್ಕೆ ಬರುವುದಿಲ್ಲ, ಅಷ್ಟೇ."

ಆಗಲೇ ಗಾಳಿ ಎದ್ದಿತು. ಮಳೆ ಹೊತ್ತು ತಂದ ಗಾಳಿ. ಮರದ ಗೂಡುಗಳೆಲ್ಲ ಒಮ್ಮೆ ಓಲಾಡಿ, ಮಣ್ಣಿನ ಭಾರಕ್ಕೆ ತಮ್ಮ ತಮ್ಮ ಜಾಗದಲ್ಲಿ ನಿಂತವು. ಪೀತಾಂಬರನ ಗೂಡು ಮಾತ್ರ ನಿಲ್ಲಲಿಲ್ಲ. ಒಳಗೆ ಮಣ್ಣಿಲ್ಲ, ಕೆಳಗೆ ಮೂರು ಗೇಣು ಕೊಳವೆ. ಅದು ಗಿರ್ರನೆ ತಿರುಗಿತು, ತನ್ನ ಕೊಳವೆಯನ್ನು ತನಗೇ ಸುತ್ತಿಕೊಂಡಿತು, ಹುರಿ ಬಿಗಿದು ಮೇಲಿನ ಗಂಟು ಕಿತ್ತು, ತೊಪ್ಪನೆ ಭಾಗೀರಥಮ್ಮನ ಮೂಗಿನ ಮುಂದೆ ನೀರಿಗೆ ಬಿತ್ತು.

ಪೀತಾಂಬರ ರೆಕ್ಕೆ ಎತ್ತಿದ. ಎತ್ತಿಕೊಳ್ಳಬೇಕೋ, ಒಣಗಿಸಬೇಕೋ, ಮತ್ತೆ ಕಟ್ಟಬೇಕೋ ಎಂಬಂತೆ.

ಭಾಗೀರಥಮ್ಮ ಒಮ್ಮೆ ಮೂಸಿ ನೋಡಿದಳು. ಬಾಯಿ ತೆರೆದಳು. ತಿಂದುಬಿಟ್ಟಳು.

"ಅಯ್ಯೋ! ನನ್ನ ಗೂಡು!"

"ಹುಲ್ಲು ಮಗನೇ, ಹುಲ್ಲು," ಎಂದಳು ಅವಳು, ಕೊಳವೆಯ ತುದಿ ಇನ್ನೂ ಬಾಯಿಯಿಂದ ಜೋಲುತ್ತಿರುವಾಗಲೇ. "ಬಿಟ್ಟರೆ ನೀನು ನಾಳೆ ಇದನ್ನೇ ಎದುರಿಗೆ ಇಟ್ಟುಕೊಂಡು ಹಾಡು ಕಟ್ಟುತ್ತೀಯ. ನನ್ನನ್ನು ನೋಡು. ತಿಂದದ್ದನ್ನು ನಾನೂ ಮತ್ತೆ ಬಾಯಿಗೆ ತಂದು ಅಗಿಯುತ್ತೇನೆ. ಆದರೆ ಅಗಿದ ಮೇಲೆ ನುಂಗುತ್ತೇನೆ. ನೀನು ಇಷ್ಟು ದಿನದಿಂದ ಎರಡು ಪದ ಅಗಿಯುತ್ತಿದ್ದೀಯ, ನುಂಗಲೇ ಇಲ್ಲ."

ಈ ಸಲ ಮರ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಬಾಲದ ಗರಿ ಕಳೆದುಕೊಂಡ ತಿಪ್ಪಣ್ಣ. ಪೀತಾಂಬರನಿಗೂ, ಕಣ್ಣೀರಿನ ನಡುವೆಯೇ, ಸ್ವಲ್ಪ ನಗು ಬಂತು.

"ಈಗ ನಾನೇನು ಮಾಡಲಿ? ಗೂಡು ಹೋಯಿತು. ಯೋಚನೆ ಹೋಗಿಲ್ಲ. ಈಗಲೂ ಬರುತ್ತಿದೆ. ಈ ಕ್ಷಣವೂ ಬಂತು."

"ಬರುತ್ತದೆ. ಇಷ್ಟಪಟ್ಟದ್ದೇನೂ ಅಪರಾಧವಲ್ಲ, ಒಂದೇ ದಿನಕ್ಕೆ ಬಿಡುವ ರೋಗವೂ ಅಲ್ಲ. ನನ್ನ ಮೈಮೇಲೆ ನೊಣ ಕೂರುವುದಿಲ್ಲವೇ? ಅದನ್ನು ಅಟ್ಟಿಸಿಕೊಂಡು ನಾನು ಓಡುವುದಿಲ್ಲ, 'ಬಾ' ಎಂದು ಕರೆದು ಬೆಲ್ಲ ಕೊಡುವುದೂ ಇಲ್ಲ. ಬಾಲ ಬೀಸುತ್ತೇನೆ, ಮೇಯುತ್ತೇನೆ. ನಿನಗೆ ಬೀಸುವಂಥ ಬಾಲವಿಲ್ಲ, ಕೊಕ್ಕು ಇದೆ. ಯೋಚನೆ ಬಂದಾಗಲೆಲ್ಲ ಹೋಗಿ ಒಂದು ಎಳೆ ಹಸಿ ಹುಲ್ಲು ಸೀಳಿ ತಾ. ಮರದ ಆಚೆ ಮಗ್ಗುಲಲ್ಲಿ ಕಟ್ಟು. ಅಲ್ಲಿಂದ ಅವಳ ಗೂಡು ಕಾಣುವುದಿಲ್ಲ. ಮೊದಲು ಹೊಟ್ಟೆಗೆ ಏನಾದರೂ ಹಾಕಿಕೋ. ಖಾಲಿ ಹೊಟ್ಟೆಯಲ್ಲಿ ಎಲ್ಲ ದುಃಖವೂ ದೊಡ್ಡದು."

ಪೀತಾಂಬರ ಅಂದೇ ಎರಡು ಮಿಡತೆ ತಿಂದ. ಅದಕ್ಕಿಂತ ಮೊದಲು ಒಂದು ಕೆಲಸ ಮಾಡಿದ. ದೂರದ ಕೊಂಬೆಯಲ್ಲೇ ನಿಂತು, "ನವಣೆಯವರೇ, ನನ್ನಿಂದ ತಪ್ಪಾಯಿತು. ಇನ್ನು ಬರುವುದಿಲ್ಲ," ಎಂದ. ಅವಳು ಏನೆನ್ನುತ್ತಾಳೆ, ಯಾವ ಕಡೆ ತಲೆ ಓರೆ ಮಾಡುತ್ತಾಳೆ ಎಂದು ನೋಡಲು ನಿಲ್ಲಲಿಲ್ಲ. ಮಕ್ಕಳೇ, ಕತೆಯಲ್ಲಿ ಅವನು ಮಾಡಿದ ಎಲ್ಲ ಕೆಲಸಗಳಲ್ಲೂ ಕಷ್ಟದ್ದು ಇದೇ.

ಮಳೆಗಾಲ ಇನ್ನು ಒಂದೇ ತಿಂಗಳು ಉಳಿದಿತ್ತು. ಮೊದಲ ದಿನ ನವಣೆಯ ಯೋಚನೆ ಎಪ್ಪತ್ತು ಸಲ ಬಂತು. ಎಪ್ಪತ್ತು ಎಳೆ ಹುಲ್ಲು ಬಂತು. ಸಂಜೆಗೆ ಗೂಡಿನ ಉಂಗುರ ತಯಾರು. ಎರಡನೆಯ ದಿನ ಅರವತ್ತು. ಒಂದು ದಿನ ದೂರದಲ್ಲಿ ಅವಳ ಧ್ವನಿ ಕೇಳಿ ಮತ್ತೆ ತೊಂಬತ್ತಕ್ಕೆ ಏರಿತು. ಅವನು ಹೆದರಿ ಭಾಗೀರಥಮ್ಮನ ಹತ್ತಿರ ಓಡಿ ಬಂದ.

"ಇಳಿದದ್ದು ಮತ್ತೆ ಏರಿತು!"

"ಏರಲಿ. ಚಾವಣಿ ಬೇಗ ಮುಗಿಯುತ್ತದೆ," ಎಂದು ಅವಳು ಕಣ್ಣು ಮುಚ್ಚಿಕೊಂಡಳು.

ನಿಜಕ್ಕೂ ಮುಗಿಯಿತು. ಎರಡನೆಯ ವಾರ ಯೋಚನೆ ದಿನಕ್ಕೆ ಐದಾರಕ್ಕೆ ಇಳಿದು, ಕೂರುವ ಪಟ್ಟಿ ಅರ್ಧಕ್ಕೇ ನಿಂತುಹೋಯಿತು. ಕಾದು ನೋಡಿದ. ಯೋಚನೆ ಬರಲಿಲ್ಲ. ಕೊನೆಗೆ ಅವನು ಯಾವ ನೆಪವೂ ಇಲ್ಲದೆ, ಗೂಡು ಬೇಕು ಎಂಬ ಒಂದೇ ಕಾರಣಕ್ಕೆ, ಎದ್ದು ಹೋಗಿ ಹುಲ್ಲು ತರಬೇಕಾಯಿತು. ಕೆರೆಯಿಂದ ಮಣ್ಣನ್ನೂ ತಂದು ಒಳಗೋಡೆಗೆ ಮೆತ್ತಿದ, ಆರು ಉಂಡೆ, ಒಂದೂ ಕಡಿಮೆ ಮಾಡದೆ.

ಒಂದು ಬೆಳಿಗ್ಗೆ ಪಟ್ಟಿಯ ಮೇಲೆ ಯಾರೋ ಬಂದು ಕೂತರು. ಸಾಮೆ.

"ಈ ಗೂಡೂ ಯಾರಿಗಾದರೂ ಮೀಸಲೋ?"

"ಇಲ್ಲ. ನೋಡಲು ಬಂದವರಿಗೆ."

"ಬಾಗಿಲು ನೀರಿನೊಳಗೆ ಇಳಿಯುವುದಿಲ್ಲವಷ್ಟೇ?"

"ಬಾಗಿಲೇ ಇನ್ನೂ ನೇಯ್ದಿಲ್ಲ."

ಸಾಮೆ ಎಳೆ ಜಗ್ಗಿದಳು. ತಲೆ ಓರೆ ಮಾಡಿದಳು. ಕಾಲಿಗೆ ಅಂಟಿದ ಮಣ್ಣು ಕೊಡವಿದಳು. "ನೇಯ್ಗೆ ಚೆನ್ನಾಗಿದೆ," ಎಂದಳು.

ಮೇಲಿನ ಕೊಂಬೆಯಲ್ಲಿದ್ದ ತಿಪ್ಪಣ್ಣ ಕಣ್ಣು ಮುಚ್ಚಿಕೊಂಡ. ಕೆಳಗೆ ಭಾಗೀರಥಮ್ಮ ಅಗಿಯುವುದನ್ನು ನಿಲ್ಲಿಸಿದಳು.

"ಸಂತೋಷ," ಎಂದ ಪೀತಾಂಬರ. "ನೋಡಿಕೊಂಡು ಹೋಗುತ್ತೀರೋ, ಇರುತ್ತೀರೋ?"

"ನೋಡಿಕೊಂಡು ಹೋಗುತ್ತೇನೆ. ಇನ್ನೂ ನಾಲ್ಕು ಗೂಡು ನೋಡಬೇಕು."

"ಆಗಲಿ. ಆ ತುದಿಯ ಗೂಡನ್ನೂ ನೋಡಿ, ಅದರ ಪಟ್ಟಿ ಗಟ್ಟಿಯಾಗಿದೆ."

ಸಾಮೆ ಹೋದಳು. ಪೀತಾಂಬರ ಚಾವಣಿಯಲ್ಲಿ ಸಡಿಲವಾಗಿದ್ದ ಒಂದು ಎಳೆ ಬಿಗಿಮಾಡಿ, ಹಸಿವಾದ್ದರಿಂದ ಹೊಲಕ್ಕೆ ಹೋದ. ಭಾಗೀರಥಮ್ಮ ಮತ್ತೆ ಅಗಿಯತೊಡಗಿದಳು.

ಮರುದಿನ ಸಾಮೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಹಾಗೆಂದು ಪೀತಾಂಬರನ ಗಮನಕ್ಕೆ ಬಂದದ್ದು ಮೂರನೆಯ ದಿನ, ಹೊಲದಿಂದ ಹಿಂತಿರುಗಿದಾಗ. ಅಷ್ಟು ಹೊತ್ತಿಗೆ ಅವಳು ಅವನ ಗೂಡಿನೊಳಗೆ ಮೆತ್ತನೆಯ ಹುಲ್ಲು ಹಾಸುತ್ತಿದ್ದಳು.

"ಎಲ್ಲಿಗೆ ಹೋಗಿದ್ದಿರಿ?" ಎಂದಳು ಸಾಮೆ. "ಬಾಗಿಲು ನೇಯಲು ಯಾರು ಬರಬೇಕು? ಒಂದು ಗೇಣು ಸಾಕು, ಕೇಳಿಸಿತೇ?"

ಪೀತಾಂಬರ ಸರಿಯಾಗಿ ಒಂದು ಗೇಣು ನೇಯ್ದ.

ನೀತಿ: ಒಬ್ಬರನ್ನು ಇಷ್ಟಪಡುವುದು ತಪ್ಪಲ್ಲ, ನಡೆದದ್ದು ಯಾವುದು, ನಾವು ಅಂದುಕೊಂಡದ್ದು ಯಾವುದು ಎಂದು ಬೇರೆ ಮಾಡದಿರುವುದು ತಪ್ಪು. ಎದುರಿನವರು ಬೇಡ ಎಂದರೆ ಅದರ ಅರ್ಥ ಬೇಡ ಎಂದೇ. ಅಲ್ಲಿಂದ ಎದ್ದು ನಮ್ಮ ಕೆಲಸಕ್ಕೆ ಹೋಗಬೇಕು.